ಬಾಯಾರಿಕೆಗೆ ಕೊಟ್ಟಿದ್ದಾ, ಕೂಲಿಗೆ ಬದಲು ಕೊಟ್ಟಿದ್ದಾ?



ಇವತ್ತು ಒಂದು ಬಿಯರ್ ಬಗ್ಗೆ ಬರೀತಾ ಇದ್ದೀನಿ. ಭೂಮಿ, ಮೀಸಲಾತಿ, ಸ್ಮಶಾನ ಅಂತ ಬರೀತಿದ್ದೋನಿಗೆ ಇದೇನು ಬಂತು ಅನ್ನಬೇಡಿ. ಇದೂ ಕೂಲಿಯ ಪ್ರಶ್ನೆಯೇ. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಬೆಂಗಳೂರಲ್ಲಿ ಈಗ ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಮಾರೋ ಮೈಕ್ರೊಬ್ರೂವರಿಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ನಮ್ಮ ಆಫೀಸಿನ ಗೆಳೆಯನೊಬ್ಬ ಬಡ್ತಿ ಸಿಕ್ಕ ಖುಷಿಗೆ ನಾಲ್ಕು ಜನರನ್ನು ಅಂಥ ಕಡೆ ಕರ್ಕೊಂಡು ಹೋಗಿದ್ದ. ಮೆನು ಕಾರ್ಡಿನಲ್ಲಿ 'ಸೇಜಾನ್' ಅಂತ ಒಂದು ಬಿಯರ್ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಬೆಲ್ಜಿಯಂ ದೇಶದ ರೈತರು ತಮ್ಮ ಹೊಲದ ಕೂಲಿಯಾಳುಗಳ ದಾಹ ತೀರಿಸೋಕೆ ಮಾಡ್ತಿದ್ದ ಪಾನೀಯ ಅಂತ. ಒಂದು ಗ್ಲಾಸಿಗೆ ₹425. ನಮ್ಮ ರಾಜ್ಯದಲ್ಲಿ 2024-25ರ ನರೇಗಾ ದಿನಗೂಲಿ ₹349. ಅಂದ್ರೆ ಕೂಲಿಯವರ ಹೆಸರಲ್ಲಿ ಮಾರ್ತಿರೋ ಒಂದು ಗ್ಲಾಸನ್ನು ಒಂದಿಡೀ ದಿನ ಮಣ್ಣು ಹೊತ್ತ ಕೂಲಿಯವಳು ಕೊಳ್ಳೋಕಾಗಲ್ಲ.

ಆ ಎರಡು ಸಾಲು ನನ್ನನ್ನು ಬಿಡಲಿಲ್ಲ. ಯಾವ ಕೂಲಿಯಾಳು? ಯಾವ ಹೊಲ? ದಾಹಕ್ಕೆ ಕೊಟ್ಟರೋ, ಕೂಲಿಗೆ ಬದಲು ಕೊಟ್ಟರೋ? ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಲು ರುಚಿ ಹೇಳಿಬಿಡ್ತೀನಿ, ಯಾಕಂದ್ರೆ ರುಚಿಯಲ್ಲೂ ಚರಿತ್ರೆ ಇದೆ. ಬಣ್ಣ ಒಣಹುಲ್ಲಿನ ಹಾಗೆ, ಸ್ವಲ್ಪ ಮಬ್ಬು. ಮೇಲೆ ದಪ್ಪ ಬಿಳಿ ನೊರೆ, ಬೇಗ ಇಳಿಯಲ್ಲ. ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆ, ಮೆಣಸು, ಒಂಚೂರು ಲವಂಗ. ಇವನ್ನೆಲ್ಲ ಒಳಗೆ ಹಾಕಿರಬೇಕು ಅಂದ್ಕೊಂಡೆ. ಸಾಮಾನ್ಯವಾಗಿ ಹಾಕಲ್ಲವಂತೆ, ಆ ವಾಸನೆ ಬರೋದು ಯೀಸ್ಟಿನಿಂದಲೇ. ಬಾಯಿಗಿಟ್ಟರೆ ಸಿಹಿ ಅನ್ನೋದೇ ಇಲ್ಲ. ನಾಲಿಗೆ ಚುರುಗುಟ್ಟುತ್ತೆ, ಕೊನೆಗೆ ಬಾಯಿ ಒಣಗಿದ ಹಾಗಾಗಿ ಇನ್ನೊಂದು ಗುಟುಕು ಕೇಳುತ್ತೆ. ಸೇಜಾನ್ ಯೀಸ್ಟು ಧಾನ್ಯದ ಸಕ್ಕರೆಯನ್ನು ಹೆಚ್ಚುಕಡಿಮೆ ಪೂರ್ತಿ ತಿಂದುಹಾಕುತ್ತೆ, ಅದಕ್ಕೇ ಈ ಒಣ ರುಚಿ. ಬೇರೆ ಬಿಯರಿನ ಯೀಸ್ಟಿಗೆ ತಂಪು ಬೇಕು, ಇದಕ್ಕೆ ಸೆಕೆ ಇಷ್ಟ. 30 ಡಿಗ್ರಿ ದಾಟಿದರೂ ಕೆಲಸ ಮಾಡುತ್ತೆ. ನಮ್ಮ ಈಚಲ ಹೆಂಡಾನೂ ಹಾಗೇ ಅಲ್ವಾ? ಬೆಳಗ್ಗೆ ಇಳಿಸಿದಾಗ ಸಿಹಿ ನೀರಾ, ಬಿಸಿಲೇರಿದ ಹಾಗೆ ಹುಳಿ, ನೊರೆ, ಅಮಲು. ಸುಳ್ಳು ಯಾಕೆ ಹೇಳಲಿ, ಬಿಯರ್ ಚೆನ್ನಾಗಿತ್ತು. ನನ್ನ ತಕರಾರು ಬಿಯರ್ ಮೇಲಲ್ಲ, ಆ ಎರಡು ಸಾಲಿನ ಮೇಲೆ.

ಈಗ ಚರಿತ್ರೆಗೆ ಬರೋಣ.

ಇಂಗ್ಲಿಷಿನ ಸೀಸನ್ ಅನ್ನೋ ಪದವೇ ಫ್ರೆಂಚ್‌ನಲ್ಲಿ ಸೇಜಾನ್. ಬೆಲ್ಜಿಯಂನ ದಕ್ಷಿಣ ಭಾಗ ವಲೋನಿಯಾ, ಅಲ್ಲಿ ಫ್ರೆಂಚ್ ಮಾತಾಡ್ತಾರೆ. ಅದರೊಳಗೆ ಫ್ರಾನ್ಸ್ ಗಡಿಗೆ ಅಂಟಿಕೊಂಡಿರೋ ಪ್ರಾಂತ್ಯ ಎನೋ. ಬೇಸಾಯದ ಸೀಮೆ, ಜೊತೆಗೆ ಕಲ್ಲಿದ್ದಲ ಗಣಿಗಳ ಸೀಮೆ. ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಿಗೆಯಲ್ಲಿ ಬಿಯರ್ ಮಾಡಿದರೆ ಹಾಳಾಗ್ತಿತ್ತು. ಅದಕ್ಕೆ ಚಳಿಗಾಲದಲ್ಲಿ ಮಾಡಿ, ಪೀಪಾಯಿಗಳಲ್ಲಿಟ್ಟು, ಬೇಸಿಗೆಗೆ ತೆಗೀತಿದ್ದರು. ಕೆಡದಿರಲಿ ಅಂತ ಹಾಪ್ಸ್ ಹೂವು ಹಾಕ್ತಿದ್ದರು. ಚಳಿಗಾಲದಲ್ಲಿ ಹೊಲದ ಕೆಲಸ ಇರಲ್ಲ, ಆಳುಗಳ ಕೈಗೂ ಕೆಲಸ ಸಿಗ್ತಿತ್ತು, ಉಳಿದ ಧಾನ್ಯದ ಹಿಂಡಿ ದನಕ್ಕೆ ಆಗ್ತಿತ್ತು. ಇದು ಎಲ್ಲರೂ ಹೇಳೋ ಕತೆ.

ಈ ಬಿಯರನ್ನು ಜಗತ್ತಿಗೆ ಪರಿಚಯಿಸಿದ್ದು ಎನೋ ಪ್ರಾಂತ್ಯದ ತೂರ್ಪ್ ಅನ್ನೋ ಹಳ್ಳಿಯ ಡ್ಯುಪಾಂ ಬ್ರೂವರಿ. ಆ ತೋಟದ ಮನೆಯಲ್ಲಿ 1844ರಿಂದ ಬಿಯರ್ ಮಾಡ್ತಿದ್ದಾರೆ. 1920ರಲ್ಲಿ ಡ್ಯುಪಾಂ ಕುಟುಂಬ ಅದನ್ನು ಕೊಂಡಿತು. ಮಗ ಕೆನಡಾಕ್ಕೆ ಬೇಸಾಯ ಮಾಡೋಕೆ ಹೊರಟು ನಿಂತಿದ್ದ, ಅವನನ್ನು ಊರಲ್ಲೇ ಉಳಿಸಿಕೊಳ್ಳೋಕೆ ಅಪ್ಪ ಕೊಂಡುಕೊಟ್ಟದ್ದಂತೆ. ಎಷ್ಟೋ ಸಣ್ಣ ಬ್ರೂವರಿಗಳು ಅಷ್ಟರಲ್ಲಾಗಲೇ ಮುಚ್ಚಿದ್ದವು. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ತಾಮ್ರದ ಹಂಡೆಗಳನ್ನೇ ಕಿತ್ಕೊಂಡು ಹೋಗಿತ್ತು. ಆಮೇಲೆ ಕಾರ್ಖಾನೆಯ ಲಾಗರ್ ಬಿಯರ್ ಬಂತು. ಸೇಜಾನ್ ಸಾಯೋ ಸ್ಥಿತಿಗೆ ತಲುಪಿತ್ತು. ಮೈಕಲ್ ಜಾಕ್ಸನ್ ಅನ್ನೋ ಇಂಗ್ಲಿಷ್ ಬಿಯರ್ ಬರಹಗಾರ (ಹಾಡೋ ಜಾಕ್ಸನ್ ಅಲ್ಲ) ಇದರ ಬಗ್ಗೆ ಬರೆದ. 1980ರ ದಶಕದಲ್ಲಿ ಇದು ಅಮೆರಿಕ ತಲುಪಿತು. ಅಲ್ಲಿನ ಕ್ರಾಫ್ಟ್ ಬಿಯರಿನವರು ತಾವೂ ಮಾಡೋಕೆ ಶುರು ಮಾಡಿದರು. ಅಲ್ಲಿಂದ ಬೆಂಗಳೂರಿಗೆ. ಬಿಯರಿನ ಜೊತೆ ಕೂಲಿಯಾಳುಗಳ ಕತೆಯೂ ಪ್ರಯಾಣ ಮಾಡ್ತು.

ಆದರೆ ಆ ಕತೆ ಎಷ್ಟು ನಿಜ? ಹಳೇ ಪತ್ರಿಕೆ, ಹಳೇ ಪುಸ್ತಕ ಕೆದಕಿದವರು ಬೇರೆ ಮಾತು ಹೇಳ್ತಾರೆ. ಡಚ್ ಸಂಶೋಧಕ ರೂಲ್ ಮುಲ್ಡರ್ ಇದನ್ನು ವಿವರವಾಗಿ ಬರೆದಿದ್ದಾರೆ. 19ನೇ ಶತಮಾನದ ದಾಖಲೆಗಳಲ್ಲಿ ಸೇಜಾನ್ ಅಂತ ಹೆಚ್ಚು ಸಿಗೋದು ಲೀಯೆಜ್ ನಗರದ ಬಿಯರು. ಪಟ್ಟಣದ ಬ್ರೂವರಿಗಳು ಚಳಿಗಾಲದಲ್ಲಿ ತಯಾರಿಸಿ, ತಿಂಗಳುಗಟ್ಟಲೆ ಇಟ್ಟು, ದುಡ್ಡಿಗೆ ಮಾರ್ತಿದ್ದ ಸರಕು. ಹೊಲದ ಕೂಲಿಯವರಿಗೆಂದೇ ಸೇಜಾನ್ ಹುಟ್ಟಿತು ಅನ್ನೋ ಮಾತು ಗಟ್ಟಿಯಾಗಿ ಕೇಳಿಬರೋದು 20ನೇ ಶತಮಾನದ ಕೊನೆಯ ಭಾಗದಲ್ಲಿ, ಅಂದರೆ ಮಾರಾಟ ಜೋರಾದ ಕಾಲದಲ್ಲಿ.

ಇನ್ನೊಂದು ವಿಷಯ. ಹಳೇ ಕಾಲದ ಸೇಜಾನಿನಲ್ಲಿ ಅಮಲು ಸುಮಾರು ಶೇ. 3ರಿಂದ 3.5 ಅಂತ ಬರೆದಿದ್ದಾರೆ. ಇವತ್ತಿನ ಡ್ಯುಪಾಂ ಸೇಜಾನ್ ಶೇ. 6.5. ಇದನ್ನು ಕುಡಿದು ಉರಿಬಿಸಿಲಲ್ಲಿ ಕುಡುಗೋಲು ಹಿಡಿದರೆ ಬೆರಳು ಉಳಿಯಲ್ಲ. ಹಾಗಾಗಿ ನಮ್ಮ ಮುಂದೆ ಬರೋ ಗ್ಲಾಸು ಕೂಲಿಯವನು ಕುಡಿದ ಗ್ಲಾಸಂತೂ ಅಲ್ಲ.

ಹೀಗೆ ಅಂದ ಮಾತ್ರಕ್ಕೆ ಅಲ್ಲಿನ ತೋಟದವರು ಆಳುಗಳಿಗೆ ಬಿಯರ್ ಕೊಡ್ತಿರಲಿಲ್ಲ ಅಂತ ಅಲ್ಲ. ಕೊಡ್ತಿದ್ದರು. ಯುರೋಪಿನ ಎಷ್ಟೋ ಕಡೆ ಅದು ರೂಢಿ. ಪ್ರಶ್ನೆ ಬೇರೆ. ಬ್ರೂವರಿಯವರು ಲೆಕ್ಕ ಬರೆದಿಟ್ಟರು, ಸರ್ಕಾರ ತೆರಿಗೆ ಬರೆದಿಟ್ಟಿತು, ಪಂಡಿತರು ಪಾಕ ಬರೆದಿಟ್ಟರು. ಕುಡಿದ ಕೂಲಿಯಾಳು ಏನಂದ? ದಿನದ ಕೂಲಿಯಲ್ಲಿ ಎಷ್ಟು ಹಿಡಿದು ಎಷ್ಟು ಕೊಟ್ಟರು? ಅದನ್ನು ಲೇಬಲ್ ಹೇಳಲ್ಲ. ಲೇಬಲ್ಲಿಗೆ ಬೇಕಿರೋದು ಅವನ ದಾಹ, ಅವನ ಲೆಕ್ಕ ಅಲ್ಲ.

ಅದೇ ಸೀಮೆಯ ಕಾರ್ಮಿಕರು ಒಂದು ಸಲ ಲೆಕ್ಕ ಕೇಳಿದರು. ಅದು ಮಾತ್ರ ದಾಖಲಾಗಿದೆ. 1886ರ ಮಾರ್ಚ್ 18, ಪ್ಯಾರಿಸ್ ಕಮ್ಯೂನಿನ 15ನೇ ವರ್ಷದ ನೆನಪಿಗೆ ಲೀಯೆಜ್‌ನಲ್ಲಿ ಕಾರ್ಮಿಕರು ಸೇರಿದರು. ದಂಗೆ ಎದ್ದಿತು. ಕೆಲವೇ ದಿನದಲ್ಲಿ ಎನೋ ಪ್ರಾಂತ್ಯದ ಶಾರ್ಲ್‌ರುವಾ ಸುತ್ತಲ ಗಣಿಗಳಿಗೆ, ಗಾಜಿನ ಕಾರ್ಖಾನೆಗಳಿಗೆ ಹಬ್ಬಿತು. ಸೈನ್ಯ ಬಂತು, ಗುಂಡು ಹಾರಿತು, ಕಾರ್ಮಿಕರು ಸತ್ತರು. ಆಮೇಲೆ ಸರ್ಕಾರ ಎಚ್ಚೆತ್ತು ವಿಚಾರಣಾ ಆಯೋಗ ಮಾಡಿತು. ಹೊರಬಂದ ದೂರುಗಳಲ್ಲಿ ಒಂದು: ಕೂಲಿಯನ್ನು ದುಡ್ಡಲ್ಲಿ ಕೊಡೋ ಬದಲು ಸಾಮಾನಲ್ಲಿ, ಚೀಟಿಯಲ್ಲಿ ಕೊಡೋದು. ಇನ್ನೊಂದು: ಮೇಸ್ತ್ರಿಯೋ ಅವನ ಕಡೆಯವರೋ ನಡೆಸೋ ಹೆಂಡದಂಗಡಿಯಲ್ಲಿ ಬಟವಾಡೆ ಮಾಡೋದು. ಅಲ್ಲಿ ಕುಡಿಯದೇ ಇದ್ದವನಿಗೆ ನಾಳೆ ಕೆಲಸದ ಭರವಸೆ ಇಲ್ಲ.

1887ರ ಆಗಸ್ಟ್ 16ರ ಕಾನೂನು ಇದಕ್ಕೆ ತಡೆ ಹಾಕಿತು. ಕೂಲಿ ನಾಣ್ಯದಲ್ಲೋ ನೋಟಿನಲ್ಲೋ ಕೊಡಬೇಕು, ಹೆಂಡದಂಗಡಿಯಲ್ಲಿ ಬಟವಾಡೆ ಮಾಡೋ ಹಾಗಿಲ್ಲ. ಸೇಜಾನಿನ ನಾಡಿನಲ್ಲೇ, ಜನ ಪ್ರಾಣ ಕೊಟ್ಟ ಮರುವರ್ಷ, ಕುಡಿತಕ್ಕೂ ಕೂಲಿಗೂ ನಡುವೆ ಕಾನೂನು ಗೆರೆ ಎಳೀತು. ಯಾವ ಬಿಯರ್ ಮೆನುವಿನಲ್ಲೂ ಇದನ್ನು ಬರೆದಿರೋದು ನಾನು ಕಂಡಿಲ್ಲ.

ಅದೇ 1887ರಲ್ಲಿ ಇಂಗ್ಲೆಂಡಿನಲ್ಲೂ ಇಂಥದ್ದೇ ಕಾನೂನು ಬಂತು. ಅಲ್ಲಿ ಸೇಬು ಬೆಳೆಯೋ ಹೆರೆಫರ್ಡ್, ಸಾಮರ್‌ಸೆಟ್, ಡೆವನ್ ಕಡೆ ಹೊಲದಾಳುಗಳ ಕೂಲಿಯಲ್ಲಿ ಒಂದು ಪಾಲು ಸೈಡರ್, ಅಂದರೆ ಸೇಬಿನ ಹೆಂಡ. ಹೊಸ ಕಾನೂನು ಹೇಳಿತು: ಆಳಿಗೆ ದುಡ್ಡಿನ ಕೂಲಿಯ ಜೊತೆ ಊಟ ಕೊಡಿ, ಮನೆ ಕೊಡಿ, ಕುಡಿಯೋಕೂ ಕೊಡಿ, ಆದರೆ ಅಮಲಿನದ್ದನ್ನು ಕೂಲಿ ಅಂತ ಕೊಡಬೇಡಿ.

ಈಗ ಆಫ್ರಿಕಾದ ತುದಿಗೆ ಬನ್ನಿ, ಯಾಕಂದ್ರೆ ಕೂಲಿಗೆ ಬದಲು ಕುಡಿತ ಅನ್ನೋದು ಬಣ್ಣ, ಹುಟ್ಟುಗಳ ಜೊತೆ ಸೇರಿಕೊಂಡರೆ ಏನಾಗುತ್ತೆ ಅಂತ ಅಲ್ಲಿ ಕಾಣುತ್ತೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ಫಾನ್ ರೀಬೆಕ್ 1658ರಲ್ಲಿ ಕೇಪ್‌ನಲ್ಲಿ ಗುಲಾಮರಿಗೆ ಅಂತ ಒಂದು ಶಾಲೆ ತೆರೆದ. ಅವರು ಪ್ರಾರ್ಥನೆ ಕಲಿಯೋಕೆ ಬರಲಿ ಅಂತ, ಪಾಠ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಸಣ್ಣ ಲೋಟ ಬ್ರಾಂದಿ, ಎರಡು ಇಂಚು ಹೊಗೆಸೊಪ್ಪು ಕೊಡಬೇಕು ಅಂತ ಆಜ್ಞೆ ಮಾಡಿದ. ಇದು ಅವನದೇ ದಿನಚರಿಯಲ್ಲಿದೆ. ಮುಂದೆ ಆ ಸೀಮೆಯ ದ್ರಾಕ್ಷಿ ತೋಟಗಳಲ್ಲಿ 'ಡಾಪ್' ಪದ್ಧತಿ ಬೇರೂರಿತು. ಗುಲಾಮರಿಗೆ, ಆಮೇಲೆ ಅವರ ಮಕ್ಕಳುಮರಿಗೆ, ನೆಲದ ಮೂಲ ಒಡೆಯರಾದ ಖೋಯ್ ಜನಕ್ಕೆ ಕೂಲಿಯ ಭಾಗವಾಗಿ ಕೀಳು ದರ್ಜೆಯ ವೈನು. ಬೆಳಗಿನಿಂದ ಸಂಜೆವರೆಗೆ, ಹಲವು ಸಲ, ಅಳತೆ ಲೋಟದಲ್ಲಿ. 1960ರ ದಶಕದ ಆರಂಭದಲ್ಲಿ ಕಾನೂನು ಇದನ್ನು ನಿಷೇಧಿಸಿತು. ಆದರೂ 1990ರ ದಶಕದವರೆಗೂ ಕೆಲವು ತೋಟಗಳಲ್ಲಿ ನಡೀತಿತ್ತು. ತಾಯಿ ಕುಡಿದದ್ದರಿಂದ ಹೊಟ್ಟೆಯಲ್ಲೇ ಮಗುವಿನ ಮೆದುಳಿಗೆ ಪೆಟ್ಟು ಬೀಳೋ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚು ದಾಖಲಾದ ಕಡೆಗಳಲ್ಲಿ ಆ ಸೀಮೆಯೂ ಒಂದು. ಕೂಲಿ ಲೋಟದಲ್ಲಿ ಸಿಕ್ಕಿತು, ಸಾಲ ಮಕ್ಕಳ ಮೈಯಲ್ಲಿ ಉಳೀತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1949ರಲ್ಲಿ ಕೂಲಿ ರಕ್ಷಣೆಗೆ ಅಂತ 95ನೇ ಒಡಂಬಡಿಕೆ ಮಾಡಿತು. ಹೆಚ್ಚು ಅಮಲಿನ ಮದ್ಯದ ರೂಪದಲ್ಲಿ ಕೂಲಿ ಕೊಡೋದನ್ನು ಯಾವ ಸಂದರ್ಭದಲ್ಲೂ ಒಪ್ಪುವಂತಿಲ್ಲ ಅಂತ ಅದರಲ್ಲಿದೆ. 'ಹೆಚ್ಚು ಅಮಲಿನ' ಅನ್ನೋ ಪದ ಗಮನಿಸಿ. ಬಿಯರು, ವೈನು ಆ ಸಂದಿಯಲ್ಲಿ ನುಸುಳಬಹುದು.

ನಮ್ಮಲ್ಲಿ? 1946ರಲ್ಲಿ ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಮಂಡಿಸಿದ ಕನಿಷ್ಠ ಕೂಲಿ ಮಸೂದೆ 1948ರಲ್ಲಿ ಕಾಯ್ದೆಯಾಯ್ತು. ಕೂಲಿ ನಗದಿನಲ್ಲೇ ಕೊಡಬೇಕು ಅಂತ ಅದರ 11ನೇ ಸೆಕ್ಷನ್ ಹೇಳಿತು. ಆದರೆ ದವಸದಲ್ಲಿ ಕೊಡೋ ರೂಢಿ ಇರೋ ಕಡೆ ಸರ್ಕಾರ ಅನುಮತಿ ಕೊಡಬಹುದು ಅಂತ ಬಾಗಿಲು ತೆರೆದಿಟ್ಟಿತ್ತು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಕಾನೂನು ಬಂದ ತಾರೀಖು ಒಂದು, ಕೇರಿಗೆ ಬಂದ ತಾರೀಖು ಇನ್ನೊಂದು. ಅದು ನಿಮಗೂ ಗೊತ್ತು.

ನಮ್ಮಜ್ಜಿ ಹೇಳ್ತಿದ್ದಳು. ರಾಗಿ ಒಕ್ಕಣೆ ದಿನ ದಣಿ ಕಣಕ್ಕೇ ಹೆಂಡದ ಮಡಕೆ ತರಿಸ್ತಿದ್ದ. ನಮ್ಮೋರು ದೂರ ಕೂತು ಕರಟದಲ್ಲಿ ಹುಯ್ಯಿಸ್ಕೊಂಡು ಕುಡೀಬೇಕು. ಮಡಕೆ ಮುಟ್ಟೋ ಹಾಗಿಲ್ಲ. ರಾಶಿ ಅಳೆಯೋದು ಕುಡಿದಾದ ಮೇಲೆ. ಅಜ್ಜಿ ಮಾತು ಇದು: "ಕುಡ್ದ ಬಾಯಿ ಅಳ್ತೆ ಕೇಳಾಕಿಲ್ಲ ಕಣ್ಮಗ." ಕೂಲಿಗೆ ಬದಲು ಕುಡಿತದ ಬಗ್ಗೆ ನಾನು ಇಷ್ಟೆಲ್ಲ ಓದಿದೆ, ಇದಕ್ಕಿಂತ ಚೆನ್ನಾಗಿ ಹೇಳಿದ್ದು ಎಲ್ಲೂ ಸಿಗಲಿಲ್ಲ.

ಒಂದು ವ್ಯತ್ಯಾಸ ಹೇಳಲೇಬೇಕು. ಬೆಲ್ಜಿಯಂನ ಕೂಲಿಯಾಳು ಬಡವ, ಶೋಷಿತ, ನಿಜ. ಆದರೆ ಅವನು ಮಡಕೆ ಮುಟ್ಟಿದರೆ ಬಿಯರ್ ಮೈಲಿಗೆ ಆಗ್ತಿರಲಿಲ್ಲ. ಅವನ ಮೊಮ್ಮಗ ಬ್ರೂವರಿ ಇಟ್ಟರೆ ಜನ ಕೊಂಡು ಕುಡೀತಿದ್ದರು. ನಮ್ಮಲ್ಲಿ ಕರಟ ಹೋಗಿ ಹೋಟೆಲ್ಲಿನ ಎರಡು ಲೋಟ ಬಂತು, ಪ್ಲಾಸ್ಟಿಕ್ ಲೋಟ ಬಂತು. ಅಮಲು ಒಂದೇ, ಲೋಟ ಬೇರೆ.

ಈ ಹಿನ್ನೆಲೆ ಇಟ್ಟುಕೊಂಡು 80ರ ದಶಕದ ದಲಿತ ಸಂಘರ್ಷ ಸಮಿತಿಯ ಘೋಷಣೆ ನೆನಪಿಸಿಕೊಳ್ಳಿ: ಹೆಂಡ ಬೇಡ, ವಸತಿ ಶಾಲೆ ಬೇಕು. ಇದನ್ನು ಬಹಳ ಜನ ಬರೀ ಪಾನನಿಷೇಧದ ಕೂಗು ಅಂದ್ಕೊಂಡಿದ್ದಾರೆ, ಗಾಂಧೀವಾದಿಗಳ ಉಪದೇಶದ ಸಾಲಿಗೆ ಸೇರಿಸ್ತಾರೆ. ಅಲ್ಲ. ಅದು ಲೆಕ್ಕ ಕೇಳಿದ ಮಾತು. ಕೇಪ್‌ನಲ್ಲಿ ಶಾಲೆಗೆ ಬಾ, ಬ್ರಾಂದಿ ಕೊಡ್ತೀನಿ ಅಂದ ಒಡೆಯ. ಇಲ್ಲಿ ನಿನ್ನ ಹೆಂಡ ನೀನೇ ಇಟ್ಕೋ, ಶಾಲೆ ಕೊಡು ಅಂದರು ನಮ್ಮ ಹಿರಿಯರು. ಏನು ಕೊಟ್ಟರೆ ಕೂಲಿ, ಏನು ಕೊಟ್ಟರೆ ಮೋಸ ಅಂತ ಅವರಿಗೆ ಗೊತ್ತಿತ್ತು. ಆ ವಸತಿ ಶಾಲೆ, ಹಾಸ್ಟೆಲ್ಲುಗಳಿಂದ ಓದಿ ಬಂದವರು ಇವತ್ತು ಈ ಪೋಸ್ಟ್ ಓದ್ತಿರೋರಲ್ಲಿ ಎಷ್ಟು ಜನ ಇದ್ದೀರೋ.

ಹಾಗಾದ್ರೆ ಕುಡಿಯೋದೇ ತಪ್ಪಾ? ನಾನು ಹಾಗೆ ಹೇಳ್ತಿಲ್ಲ. 1948ರ ನವೆಂಬರ್ 24ರಂದು ಸಂವಿಧಾನ ಸಭೆಯಲ್ಲಿ ಪಾನನಿಷೇಧದ ಚರ್ಚೆ ಆದಾಗ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ಎದ್ದು ನಿಂತು ವಿರೋಧಿಸಿದರು. ಅಕ್ಕಿಯ ಬಿಯರು ನಮ್ಮ ಪೂಜೆಯ ಭಾಗ, ಅದನ್ನು ಕಿತ್ಕೊಳ್ಳಬೇಡಿ ಅಂದರು. ಬಾಬಾಸಾಹೇಬರು ಸ್ವತಃ ಕುಡಿಯದವರು. ಆದರೂ ಆ ಮಾತನ್ನು ತಳ್ಳಿಹಾಕಲಿಲ್ಲ, ಸ್ವಾಯತ್ತ ಪ್ರದೇಶಗಳ ಮಂಡಳಿಗಳಿಗೆ ಇದರಲ್ಲಿ ಅಧಿಕಾರ ಇರುತ್ತೆ ಅಂತ ಉತ್ತರ ಕೊಟ್ಟರು. ಇವತ್ತಿಗೂ ಸಂವಿಧಾನದ ಆರನೇ ಅನುಸೂಚಿಯಲ್ಲಿ ಅದಿದೆ. ಬಟ್ಟಿ ಇಳಿಸದ ಮದ್ಯವನ್ನು ತಡೆಯೋ ರಾಜ್ಯದ ಕಾನೂನು ಜಿಲ್ಲಾ ಮಂಡಳಿ ಒಪ್ಪದೆ ಅಲ್ಲಿ ಜಾರಿಯಾಗಲ್ಲ. ತಾನೇ ಮಾಡಿ, ತನ್ನ ಹಬ್ಬಕ್ಕೆ, ತನ್ನವರ ಜೊತೆ ಕುಡಿಯೋದು ಬೇರೆ. ಒಡೆಯ ಅಳೆದು ಹುಯ್ದು, ಕೂಲಿಯಲ್ಲಿ ಮುರ್ಕೊಳ್ಳೋದು ಬೇರೆ.

ಮನೆಯಲ್ಲಿ ಇಳಿಸಿದ ಹೆಂಡ ಅಬಕಾರಿ ಕೇಸಾಗುತ್ತೆ, ಅದಕ್ಕೆ ಜೈಲಿಗೆ ಹೋಗೋರು ಯಾರು ಅಂತ ನಾವು ನೋಡಿದ್ದೀವಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ, ಬೇರೆ ಪ್ಯಾಕೆಟ್ಟು, ಬೇರೆ ಬಾಟ್ಲಿಗೆ ಹೋಯ್ತು. ಕೇರಿಯಲ್ಲಿ ಕುಡಿದರೆ ಕುಡುಕ, ಪಬ್ಬಿನಲ್ಲಿ ಮೂಗಿಗೆ ಹಿಡಿದು ಮೆಣಸಿನ ವಾಸನೆ ವರ್ಣಿಸಿದರೆ ರಸಿಕ. ಹಳ್ಳಿಗಾಡಿನ ಪಾನೀಯ ಅನ್ನೋದು ಬೆಲ್ಜಿಯಂನದ್ದಾದರೆ ₹425, ನಮ್ಮ ಈಚಲು ಮರದ್ದಾದರೆ ಎಫ್‌ಐಆರ್.

ಸೇಜಾನ್ ಕುಡಿಯೋ ಗೆಳೆಯರು ಕುಡೀರಿ, ನನ್ನ ಅಭ್ಯಂತರ ಇಲ್ಲ. ಆದರೆ ಕೂಲಿಯವರ ಪಾನೀಯ ಅಂತ ಯಾರಾದರೂ ಅಂದರೆ ಕೇಳಿ: ಬಾಯಾರಿಕೆಗೆ ಕೊಟ್ಟಿದ್ದಾ, ಕೂಲಿಗೆ ಬದಲು ಕೊಟ್ಟಿದ್ದಾ? 1886 ಗೊತ್ತಾ ಅಂತ ಕೇಳಿ.

ಕೊನೆಯದಾಗಿ ಒಂದು ಕೆಲಸ ಕೇಳ್ತೀನಿ. ಬೆಲ್ಜಿಯಂನ ಹೊಲದ ಆಳುಗಳು ತಮ್ಮ ಕತೆ ಬರೆದಿಡಲಿಲ್ಲ, ಅವರ ಪರವಾಗಿ ಲೇಬಲ್ ಬರೆದಿದ್ದು ಮಾರೋರು. ನಮ್ಮ ಮನೆಗಳಲ್ಲಿ ಜೀತ ಮಾಡಿದ, ಕಣದಲ್ಲಿ ಒಕ್ಕಣೆ ಮಾಡಿದ ಹಿರಿಯರು ಇನ್ನೂ ಕೆಲವರಿದ್ದಾರೆ. ಈ ಭಾನುವಾರ ಅವರ ಹತ್ತಿರ ಕೂತು ಕೇಳಿ. ದಿನಕ್ಕೆ ಎಷ್ಟು ಸೇರು ರಾಗಿ ಕೊಡ್ತಿದ್ರು, ಯಾವಾಗ ಅಳೀತಿದ್ರು, ಹೆಂಡ ಯಾತರಲ್ಲಿ ಹುಯ್ತಿದ್ರು, ಅದನ್ನ ಕೂಲಿಯಲ್ಲಿ ಹಿಡೀತಿದ್ರಾ? ಫೋನಲ್ಲಿ ರೆಕಾರ್ಡ್ ಮಾಡಿ, ಊರು, ವರ್ಷ ಬರೆದಿಡಿ. ಇಲ್ಲ ಅಂದ್ರೆ ಇನ್ನು ಮೂವತ್ತು ವರ್ಷಕ್ಕೆ ಬೆಂಗಳೂರಿನ ಯಾವುದೋ ಪಬ್ಬಿನಲ್ಲಿ ಈಚಲ ಹೆಂಡಕ್ಕೆ ಒಂದು ಚಂದದ ಹೆಸರಿಟ್ಟು, ಮೈಸೂರು ಸೀಮೆಯ ದೊಡ್ಡ ಮನಸ್ಸಿನ ಒಡೆಯರು ತಮ್ಮ ಆಳುಗಳ ದಾಹ ತೀರಿಸಲು ಪ್ರೀತಿಯಿಂದ ಕೊಡುತ್ತಿದ್ದ ಪಾನೀಯ ಅಂತ ಬರೀತಾರೆ. ಆ ಕರಟ ಮಾತ್ರ ಅದರಲ್ಲಿ ಇರಲ್ಲ.

ಜೈಭೀಮ್.